ಐವತ್ತು ಲಕ್ಷ ಡಾಲರಿನ ಹೊಗೆ

ಬೇಡ ಎಂದವನನ್ನು ಲೋಕ ಹೊಗಳುತ್ತದೆ. ಬೇಡ ಎನ್ನುವ ಹಾಗೆ ಕೊಟ್ಟವನ ಜಾಣ್ಮೆಯನ್ನು ಯಾರೂ ಹೊಗಳುವುದಿಲ್ಲ. ಕೊಟ್ಟವನು ಕೋಡಂಗಿ, ಇಸ್ಕೊಂಡವನು ಈರಭದ್ರ ಎಂದು ನಮ್ಮ ಹಿರಿಯರು ಹೇಳಿ ಮುಗಿಸಿದ್ದಾರೆ. ಇಸ್ಕೊಳ್ಳದೆ ಎದ್ದು ಹೋದವನು ಏನು ಎಂಬುದನ್ನು ಅವರು ಹೇಳಲಿಲ್ಲ. ಹೀಗಾಗಿ 2007ರ ಅಕ್ಟೋಬರ್ 18ರಂದು ಫ್ಲಾರಿಡಾದ ಟ್ಯಾಂಪಾ ನಗರದಲ್ಲಿ, ನ್ಯೂಯಾರ್ಕ್ ಯಾಂಕೀಸ್ ಬೇಸ್‌ಬಾಲ್ ತಂಡದ ಒಡೆಯರು ತಮ್ಮ ಮ್ಯಾನೇಜರ್ ಜೋ ಟೋರಿ ಅವರ ಮುಂದಿಟ್ಟ ಒಪ್ಪಂದಕ್ಕೆ ಸಲ್ಲಬೇಕಾದ ಗೌರವ ಇಂದಿಗೂ ಸಂದಿಲ್ಲ. ಟೋರಿ ಅವರಿಗೆ ಚಪ್ಪಾಳೆ ಸಿಕ್ಕಿತು. ಒಡೆಯರಿಗೆ ಬೈಗುಳ ಸಿಕ್ಕಿತು. ಈ ಅನ್ಯಾಯವನ್ನು ಕೈಲಾದ ಮಟ್ಟಿಗೆ ಸರಿಪಡಿಸಲು ಹೊರಟಿದ್ದೇನೆ.

ಬೇಸ್‌ಬಾಲಿನಲ್ಲಿ ಮ್ಯಾನೇಜರ್ ಎಂದರೆ ಕೋಟು ತೊಟ್ಟು ಕಡತಕ್ಕೆ ಸಹಿ ಹಾಕುವವರಲ್ಲ. ಆಟಗಾರರ ಹಾಗೆಯೇ ಸಮವಸ್ತ್ರ ತೊಡಬೇಕು, ಬೆನ್ನ ಮೇಲೆ ನಂಬರು ಹೊರಬೇಕು. ಟೋರಿ 67ನೆಯ ವಯಸ್ಸಿನಲ್ಲೂ 6ನೇ ನಂಬರಿನ ಅಂಗಿ ತೊಟ್ಟು, ಡಗೌಟಿನ ಬೆಂಚಿನ ಮೇಲೆ ಗ್ರೀನ್ ಟೀ ಕುಡಿಯುತ್ತ, ಮುಖದಲ್ಲಿ ಯಾವ ಭಾವವನ್ನೂ ತೋರಿಸದೆ ಕೂತಿರುತ್ತಿದ್ದರು. ಒಂದು ಹಂಗಾಮಿಗೆ 162 ಪಂದ್ಯ. ಯಾರು ಮೊದಲು ಬ್ಯಾಟ್ ಹಿಡಿಯಬೇಕು, ಚೆಂಡೆಸೆದು ದಣಿದ ಪಿಚರನ್ನು ಯಾವಾಗ ವಾಪಸು ಕರೆಯಬೇಕು, ಕೋಟ್ಯಧಿಪತಿಗಳಾದ ಇಬ್ಬರು ಆಟಗಾರರು ಮಾತು ಬಿಟ್ಟಾಗ ಯಾರನ್ನು ಮೊದಲು ಸಮಾಧಾನ ಮಾಡಬೇಕು, ಇವೆಲ್ಲ ಅವರ ಕೆಲಸ. ಪಂದ್ಯದಲ್ಲಿ ಅವರು ಚೆಂಡು ಎಸೆಯುವಂತಿಲ್ಲ, ಬ್ಯಾಟ್ ಬೀಸುವಂತಿಲ್ಲ. ಗೆದ್ದರೆ ಆಟಗಾರರು ಗೆದ್ದರು, ಸೋತರೆ ಮ್ಯಾನೇಜರ್ ಸೋತರು. ಹೊಣೆಯನ್ನು ಇಷ್ಟು ಚೊಕ್ಕವಾಗಿ ಹಂಚಿದ ಉದ್ಯೋಗ ಇನ್ನೊಂದಿರಲಾರದು.

ಟೋರಿ 1996ರಲ್ಲಿ ಯಾಂಕೀಸ್ ಡಗೌಟಿನಲ್ಲಿ ಕೂತರು. ಅಲ್ಲಿಂದ 2007ರವರೆಗೆ ಹನ್ನೆರಡು ಹಂಗಾಮು. ಸುಮಾರು ಮೂವತ್ತು ತಂಡಗಳಲ್ಲಿ ಎಂಟಕ್ಕೆ ಮಾತ್ರ ಪ್ಲೇಆಫ್‌ಗೆ ಪ್ರವೇಶವಿದ್ದ ಆ ಕಾಲದಲ್ಲಿ ಯಾಂಕೀಸ್ ಹನ್ನೆರಡು ಸಲವೂ ಒಳಗೆ ಹೋಯಿತು. 1996, 1998, 1999, 2000: ನಾಲ್ಕು ಸಲ ವರ್ಲ್ಡ್ ಸೀರೀಸ್ ಎಂಬ ಅಂತಿಮ ಸರಣಿಯನ್ನೇ ಗೆದ್ದಿತು. 2001 ಮತ್ತು 2003ರಲ್ಲಿ ವರ್ಲ್ಡ್ ಸೀರೀಸ್‌ವರೆಗೆ ಹೋಗಿ ಸೋತಿತು. ಪ್ಲೇಆಫ್ ಬಿಟ್ಟು ಬರೀ ಲೀಗ್ ಪಂದ್ಯಗಳನ್ನೇ ಎಣಿಸಿದರೂ 1,173 ಗೆಲುವು. ಟೋರಿ ಅವರ ಎಲ್ಲ ಕಷ್ಟಕ್ಕೂ ಮೂಲ ಇಲ್ಲಿದೆ. ಮೂರು ವರ್ಷ ಸೋತು ನಾಲ್ಕನೆಯ ವರ್ಷ ಗೆಲ್ಲುವವನನ್ನು ಜನ ಹೆಗಲ ಮೇಲೆ ಹೊರುತ್ತಾರೆ. ಪ್ರತಿ ವರ್ಷ ಗೆಲ್ಲುವವನು ಒಂದು ವರ್ಷ ಸ್ವಲ್ಪ ಕಡಿಮೆ ಗೆದ್ದರೆ ಏನಾಯಿತು ಇವನಿಗೆ ಎನ್ನುತ್ತಾರೆ. ನಡುನಡುವೆ ಎರಡು ವರ್ಷ ಕೆಟ್ಟದಾಗಿ ಸೋತು ಒಡೆಯರ ನಿರೀಕ್ಷೆಯನ್ನು ಹತೋಟಿಯಲ್ಲಿಟ್ಟುಕೊಳ್ಳುವ ವ್ಯವಹಾರಜ್ಞಾನ ಈ ಮನುಷ್ಯನಿಗೆ ಇರಲಿಲ್ಲ.

ಒಡೆಯರ ವಿಷಯಕ್ಕೆ ಬರೋಣ. ಕ್ಲೀವ್‌ಲೆಂಡಿನ ಹಡಗು ಉದ್ಯಮಿಗಳ ಮನೆಯ ಜಾರ್ಜ್ ಸ್ಟೈನ್‌ಬ್ರೆನರ್ 1973ರಲ್ಲಿ ಪಾಲುದಾರರೊಂದಿಗೆ ಸೇರಿ ಸುಮಾರು ಒಂದು ಕೋಟಿ ಡಾಲರಿಗೆ ಯಾಂಕೀಸ್ ತಂಡವನ್ನು ಕೊಂಡರು. ಕೊಂಡ ದಿನವೇ, ದಿನನಿತ್ಯದ ಆಡಳಿತಕ್ಕೆ ತಾವು ಕೈ ಹಾಕುವುದಿಲ್ಲ, ತಮ್ಮ ಹಡಗಿನ ಕೆಲಸ ತಮಗೆ ಸಾಕು ಎಂದರು. ಆ ಮಾತಿಗೆ ಅವರು ನಡೆದುಕೊಂಡ ರೀತಿ ಹೇಗಿತ್ತೆಂದರೆ, ಮೊದಲ 23 ಹಂಗಾಮುಗಳಲ್ಲಿ ಯಾಂಕೀಸ್ ಮ್ಯಾನೇಜರ್ ಕುರ್ಚಿ 20 ಸಲ ಬದಲಾಯಿತು. ಆಟಗಾರರು ಗಡ್ಡ ಬಿಡಬಾರದು, ಕೂದಲು ಕೊರಳಪಟ್ಟಿಯ ಕೆಳಗೆ ಇಳಿಯಬಾರದು ಎಂಬ ನಿಯಮ ತಂದವರೂ ಅವರೇ. ಕೈ ಹಾಕದೇ ಇರುವಾಗಲೇ ಇಷ್ಟು ಕೆಲಸ ಆಗಿದ್ದರೆ, ನಿಜಕ್ಕೂ ಕೈ ಹಾಕಿದ್ದಿದ್ದರೆ ಏನಾಗುತ್ತಿತ್ತೋ ಎಂದು ನೆನೆದು ನನಗೆ ಮೈ ಜುಮ್ಮೆನ್ನುತ್ತದೆ.

ಅವರ ಔದಾರ್ಯಕ್ಕೆ ಬಿಲ್ಲಿ ಮಾರ್ಟಿನ್ ಒಬ್ಬರೇ ಸಾಕ್ಷಿ ಸಾಕು. ಒಬ್ಬ ಮನುಷ್ಯನಿಗೆ ಒಂದೇ ಕೆಲಸವನ್ನು ಐದು ಸಲ ಕೊಡುವ ದೊಡ್ಡ ಮನಸ್ಸು ಎಷ್ಟು ಧಣಿಗಳಿಗಿದೆ? ಐದು ಸಲ ಕೊಡಬೇಕಾದರೆ ನಡುವೆ ಕಿತ್ತುಕೊಳ್ಳಬೇಕಾಗುತ್ತದೆ. ಅದು ಲೆಕ್ಕದ ಅನಿವಾರ್ಯತೆ, ದ್ವೇಷವಲ್ಲ. 1978ರ ಜುಲೈನಲ್ಲಿ ಮಾರ್ಟಿನ್ ಕಣ್ಣೀರು ಹಾಕುತ್ತ ರಾಜೀನಾಮೆ ಕೊಟ್ಟರು. ಐದು ದಿನ ಕಳೆಯುವಷ್ಟರಲ್ಲಿ ಹಳೆಯ ಆಟಗಾರರ ಉತ್ಸವದ ದಿನ ತುಂಬಿದ ಕ್ರೀಡಾಂಗಣದಲ್ಲಿ, 1980ರಿಂದ ಇವರೇ ಮತ್ತೆ ಮ್ಯಾನೇಜರ್ ಎಂದು ಧ್ವನಿವರ್ಧಕದಲ್ಲಿ ಸಾರಲಾಯಿತು. 1980ರವರೆಗೆ ಕಾಯುವ ತಾಳ್ಮೆಯೂ ಇರಲಿಲ್ಲ. 1979ರಲ್ಲೇ ಕರೆಸಿಕೊಂಡರು, ಆ ವರ್ಷವೇ ಕಳಿಸಿಯೂ ಕೊಟ್ಟರು. ಧಣಿಯೂ ಆಳೂ ಸೇರಿ ಈ ಕಿತ್ತುಹಾಕುವ ಆಟವನ್ನೇ ಬಿಯರ್ ಜಾಹೀರಾತಿನಲ್ಲಿ ಅಭಿನಯಿಸಿ ದುಡ್ಡು ಮಾಡಿದರು. ನೌಕರಿಯ ಅಭದ್ರತೆಯನ್ನು ಮನರಂಜನೆಯ ಮಟ್ಟಕ್ಕೆ ಏರಿಸಿದ ಕೀರ್ತಿ ಯಾಂಕೀಸ್ ಸಂಸ್ಥೆಗೇ ಸಲ್ಲಬೇಕು.

ಆದರೂ ನನ್ನ ಮೆಚ್ಚುಗೆ ಹೆಚ್ಚು ಸಲ್ಲುವುದು ಡಿಕ್ ಹೌಸರ್ ಪ್ರಕರಣಕ್ಕೆ. 1980ರಲ್ಲಿ ಹೌಸರ್ ಮ್ಯಾನೇಜರಾಗಿ 103 ಪಂದ್ಯ ಗೆಲ್ಲಿಸಿದರು. ಪ್ಲೇಆಫ್‌ನಲ್ಲಿ ಕಾನ್ಸಾಸ್ ಸಿಟಿ ತಂಡ ಅವರನ್ನು ನೇರ ಮೂರು ಪಂದ್ಯಗಳಲ್ಲಿ ಮಣಿಸಿತು. ನವೆಂಬರಿನಲ್ಲಿ ಸ್ಟೈನ್‌ಬ್ರೆನರ್ ಪತ್ರಕರ್ತರನ್ನು ಕರೆದು, ಹೌಸರ್ ಅವರಿಗೆ ಫ್ಲಾರಿಡಾದಲ್ಲಿ ಜಮೀನು ಮನೆಗಳ ವ್ಯವಹಾರದ ಒಳ್ಳೆಯ ಅವಕಾಶ ಒದಗಿದೆ, ಆದ್ದರಿಂದ ತಾವಾಗಿಯೇ ಹೋಗುತ್ತಿದ್ದಾರೆ ಎಂದು ತಿಳಿಸಿದರು. ಮುಂದಿನ ವರ್ಷವೇ ಹೌಸರ್ ಮತ್ತೆ ಮ್ಯಾನೇಜರ್ ಆದರು, ಅದೂ ಅದೇ ಕಾನ್ಸಾಸ್ ಸಿಟಿಯಲ್ಲಿ. 1985ರಲ್ಲಿ ಆ ತಂಡಕ್ಕೆ ವರ್ಲ್ಡ್ ಸೀರೀಸನ್ನೂ ಗೆದ್ದುಕೊಟ್ಟರು. ಫ್ಲಾರಿಡಾದ ನಿವೇಶನಗಳಿಗೆ ಗಿರಾಕಿ ಸಿಗಲಿಲ್ಲವೆಂದು ಕಾಣುತ್ತದೆ.

ಮ್ಯಾನೇಜರ್ ಯೋಗಿ ಬೆರಾ ವಿಷಯದಲ್ಲಿ ಮಾತ್ರ ಸ್ವಲ್ಪ ಅವಸರವಾಯಿತು. (ಸಿನಿಮಾದಲ್ಲಿ ಕಂಡ ಭಾರತೀಯ ಯೋಗಿಯೊಬ್ಬನ ಹಾಗೆ ಕಾಣುತ್ತಾನೆ ಎಂದು ಗೆಳೆಯ ಇಟ್ಟ ಅಡ್ಡಹೆಸರು ಅದು, ನಮ್ಮ ದೇಶ ಯಾಂಕೀಸ್‌ಗೆ ಕೊಟ್ಟ ಕಾಣಿಕೆ ಇಷ್ಟೇ ಇರಬಹುದು.) 1985ರಲ್ಲಿ, ಗೆಲ್ಲಲಿ ಸೋಲಲಿ ಈ ವರ್ಷ ಪೂರ್ತಿ ಬೆರಾ ಇರುತ್ತಾರೆ ಎಂದು ಒಡೆಯರು ಮಾತು ಕೊಟ್ಟರು. ವರ್ಷ 16 ಪಂದ್ಯಗಳಿಗೆ ಮುಗಿಯಿತು. ಸುದ್ದಿ ತಿಳಿಸಲು ತಾವು ಹೋಗದೆ ಇನ್ನೊಬ್ಬರನ್ನು ಕಳಿಸಿದರು. ಬೆರಾ ಎಂಥ ಸೂಕ್ಷ್ಮ ಮನಸ್ಸಿನವರೆಂದರೆ, ಇಷ್ಟಕ್ಕೇ ಮುನಿದು ಹದಿನಾಲ್ಕು ವರ್ಷ ಯಾಂಕೀಸ್ ಕ್ರೀಡಾಂಗಣದ ಮೆಟ್ಟಿಲು ತುಳಿಯಲಿಲ್ಲ. ಶ್ರೀರಾಮನ ವನವಾಸದ ಅವಧಿಯೂ ಅಷ್ಟೇ ಎಂಬುದನ್ನು ಓದುಗರಿಗೆ ನೆನಪಿಸಬೇಕಿಲ್ಲ. ವ್ಯತ್ಯಾಸವೆಂದರೆ ಇಲ್ಲಿ ಅವಧಿ ಮುಗಿದಾಗ ಕ್ಷಮೆ ಕೇಳಲು ಒಡೆಯರೇ ಬರಬೇಕಾಯಿತು.

ಇಂಥ ಅನುಭವಗಳಿಂದ ಸಂಸ್ಥೆ ಒಂದು ಪಾಠ ಕಲಿತಿತು: ಕಿತ್ತುಹಾಕಿದರೆ ಕೆಟ್ಟ ಹೆಸರು, ತಾನಾಗಿ ಹೋದರೆ ಒಳ್ಳೆಯದು. ಬಿಲಕ್ಕೆ ಹೊಗೆ ಹಾಕಿದ ರೈತನಿಗೆ ಇಲಿಯನ್ನು ಓಡಿಸಿದ ಅಪವಾದ ಬರುವುದಿಲ್ಲ, ಓಡಿದ್ದು ಇಲಿ ತಾನೆ. ಈ ವಿದ್ಯೆಯ ಮೊದಲ ಪ್ರಯೋಗ 1995ರಲ್ಲಿ ನಡೆಯಿತು. ಆಗಿನ ಮ್ಯಾನೇಜರ್ ಬಕ್ ಷೋವಾಲ್ಟರ್ ತಂಡವನ್ನು ಹದಿನಾಲ್ಕು ವರ್ಷಗಳ ನಂತರ ಮೊದಲ ಬಾರಿಗೆ ಪ್ಲೇಆಫ್‌ಗೆ ತಂದಿದ್ದರು. ಅವರಿಗೆ ಎರಡು ವರ್ಷದ ಹೊಸ ಒಪ್ಪಂದವನ್ನೇ ಕೊಟ್ಟರು. ಆದರೆ ಬ್ಯಾಟಿಂಗ್ ತರಬೇತುದಾರನನ್ನು ಕೈಬಿಡಬೇಕು ಎಂಬ ಸಣ್ಣದೊಂದು ಮಾತು ಅದರ ಜೊತೆಗಿತ್ತು. ತನ್ನ ಜೊತೆಗಾರನನ್ನು ಬಿಟ್ಟುಕೊಡಲಾರೆ ಎಂದು ಷೋವಾಲ್ಟರ್ ಎದ್ದು ನಡೆದರು. ಆ ಖಾಲಿ ಕುರ್ಚಿಗೆ ಬಂದವರೇ ಟೋರಿ. ಅಂದರೆ ಇನ್ನೊಬ್ಬರು ಬೇಡವೆಂದ ಒಪ್ಪಂದದಿಂದ ಅನ್ನ ಕಂಡವರು ಅವರು. ಒಪ್ಪಂದ ಬೇಡವೆನ್ನುವುದರ ಬೆಲೆ ಅವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತಿರಬೇಕು?

ಬಂದಾಗ ಅವರ ಹಿನ್ನೆಲೆಯೂ ಅಷ್ಟಕ್ಕಷ್ಟೇ. ಆಟಗಾರರಾಗಿ ದೊಡ್ಡವರು, 1971ರಲ್ಲಿ ನ್ಯಾಷನಲ್ ಲೀಗಿನ ಅತ್ಯುತ್ತಮ ಆಟಗಾರ ಪ್ರಶಸ್ತಿ ಪಡೆದವರು. ಮ್ಯಾನೇಜರಾಗಿ ಮೆಟ್ಸ್, ಬ್ರೇವ್ಸ್, ಕಾರ್ಡಿನಲ್ಸ್ ಮೂರೂ ತಂಡಗಳಲ್ಲಿ ಕೆಲಸ ಕಳೆದುಕೊಂಡಿದ್ದರು; ಗೆಲುವಿಗಿಂತ ಸೋಲೇ ನೂರಕ್ಕೂ ಮೇಲೆ ಹೆಚ್ಚಿತ್ತು. ನ್ಯೂಯಾರ್ಕಿನ ಡೈಲಿ ನ್ಯೂಸ್ ಪತ್ರಿಕೆ ‘ಕ್ಲೂಲೆಸ್ ಜೋ’ (ಏನೂ ತಿಳಿಯದ ಜೋ) ಎಂದು ದಪ್ಪಕ್ಷರದಲ್ಲಿ ಸ್ವಾಗತಿಸಿತು. ಟೋರಿ ಅವರನ್ನು ನೇಮಿಸಿದ ಮೇಲೂ ಸ್ಟೈನ್‌ಬ್ರೆನರ್ ಫ್ಲಾರಿಡಾದಲ್ಲಿದ್ದ ಷೋವಾಲ್ಟರ್ ಮನೆಗೆ ಹೋಗಿ ಮರಳಿ ಬಾ ಎಂದು ಕರೆದರು. ಒಂದೇ ಕುರ್ಚಿಗೆ ಇಬ್ಬರನ್ನು ಒಟ್ಟಿಗೆ ಇಟ್ಟುಕೊಳ್ಳಬಯಸುವ ಪ್ರೀತಿ ಎಲ್ಲ ಕಡೆ ಸಿಗುವುದಿಲ್ಲ.

ಇನ್ನು 2007. ಮೇ ಕೊನೆಯಲ್ಲಿ ತಂಡ 21 ಗೆದ್ದು 29 ಸೋತಿತ್ತು. ಕಥೆ ಮುಗಿಯಿತು ಎಂದು ಎಲ್ಲರೂ ಬರೆದರು. ಟೋರಿ ಗ್ರೀನ್ ಟೀ ಕುಡಿಯುತ್ತ ಕೂತೇ ಇದ್ದರು. ಹಂಗಾಮಿನ ಕೊನೆಗೆ 94 ಗೆಲುವು, ಮತ್ತೆ ಪ್ಲೇಆಫ್. ಮೊದಲ ಸುತ್ತಿನಲ್ಲಿ ಎದುರಾಳಿ ಕ್ಲೀವ್‌ಲೆಂಡ್. ಎರಡನೆಯ ಪಂದ್ಯ ಅಕ್ಟೋಬರ್ 5ರ ರಾತ್ರಿ ಕ್ಲೀವ್‌ಲೆಂಡಿನಲ್ಲೇ. ಎಂಟನೆಯ ಇನ್ನಿಂಗ್ಸಿನಲ್ಲಿ ಯಾಂಕೀಸ್ ಒಂದು ರನ್ ಮುಂದಿತ್ತು. ಪಿಚಿಂಗ್‌ಗೆ ಬಂದವನು ಜೋಬಾ ಚೇಂಬರ್ಲೇನ್ ಎಂಬ ಹೊಸ ಹುಡುಗ. ಆಗ ಈರಿ ಸರೋವರದ ಕಡೆಯಿಂದ ಲಕ್ಷಾಂತರ ನುಸಿಗಳು ಮೈದಾನಕ್ಕೆ ಇಳಿದವು. ಅವನ ಕತ್ತು, ಕಣ್ಣು, ಕಿವಿಯ ತುಂಬ ನುಸಿ. ತಂಡದವರು ಓಡಿ ಬಂದು ಕೀಟ ಓಡಿಸುವ ದ್ರಾವಣ ಸಿಂಪಡಿಸಿದರು. ಬೆವರಿಗೆ ಅದು ಸೇರಿ ನುಸಿಗಳಿಗೆ ಇನ್ನಷ್ಟು ಹಿತವಾಯಿತು. ಚೆಂಡು ಅತ್ತಿತ್ತ ಹೋಯಿತು, ಪಂದ್ಯ ಸಮವಾಯಿತು, ಹನ್ನೊಂದನೆಯ ಇನ್ನಿಂಗ್ಸಿನಲ್ಲಿ ಯಾಂಕೀಸ್ ಸೋತಿತು. ತಂಡವನ್ನು ಮೈದಾನದಿಂದ ಹಿಂದಕ್ಕೆ ಕರೆಸಬೇಕಿತ್ತು ಎಂದು ಟೋರಿ ಆಮೇಲೆ ಪೇಚಾಡಿದರು. ಇದನ್ನೇ ಒಡೆಯರು ಬೊಟ್ಟು ಮಾಡಿ ತೋರಿಸುವುದು: ಹನ್ನೆರಡು ವರ್ಷದ ಅನುಭವವಿದ್ದವರಿಗೆ ನುಸಿಗಳನ್ನು ನಿಭಾಯಿಸಲು ಬರಬಾರದೆ?

ಮೂರನೆಯ ಪಂದ್ಯಕ್ಕೆ ಮುಂಚೆ ಸ್ಟೈನ್‌ಬ್ರೆನರ್ ಪತ್ರಿಕೆಯೊಂದಕ್ಕೆ, ಈ ಸುತ್ತು ಸೋತರೆ ಟೋರಿ ಮರಳಿ ಬರುವುದು ಅನುಮಾನ ಎಂದು ಹೇಳಿದರು. ನಿರ್ಣಾಯಕ ಪಂದ್ಯದ ಹೊಸ್ತಿಲಲ್ಲಿ ಇಂಥ ಧೈರ್ಯದ ಮಾತು ಆಡಿ ಸೇನಾಪತಿಯನ್ನು ಹುರಿದುಂಬಿಸುವುದು ಹಿರಿಯರ ಲಕ್ಷಣ. ಆ ಪಂದ್ಯ ಯಾಂಕೀಸ್ ಗೆದ್ದಿತು, ಮರುದಿನದ್ದು ಸೋತಿತು. ಅಕ್ಟೋಬರ್ 8ಕ್ಕೆ ಹಂಗಾಮು ಮುಗಿಯಿತು, ಟೋರಿ ಅವರ ಒಪ್ಪಂದವೂ ಮುಗಿಯಿತು.

ಆಮೇಲೆ ಹತ್ತು ದಿನ ಮೌನ. ಒಳಗೆ ನಡೆಯುತ್ತಿದ್ದ ಚಿಂತನೆಯ ಆಳವನ್ನು ಓದುಗರು ಊಹಿಸಿಕೊಳ್ಳಬೇಕು. ತೆಗೆದುಹಾಕಿದರೆ ನ್ಯೂಯಾರ್ಕ್ ಸಿಡಿಯುತ್ತದೆ. ಉಳಿಸಿಕೊಂಡರೆ ಅವರು ಉಳಿದುಬಿಡುತ್ತಾರೆ. ಕಡಿಮೆ ಹಣ ಕೊಟ್ಟರೆ ಜಿಪುಣರೆಂಬ ಹೆಸರು. ಎರಡು ವರ್ಷ ಕೊಟ್ಟರೆ ಒಪ್ಪಿಯೇ ಬಿಟ್ಟಾರು. ಈ ನಾಲ್ಕೂ ಅಪಾಯಗಳನ್ನು ತಪ್ಪಿಸಿ ಅವರು ಬರೆದ ಕಾಗದದಲ್ಲಿ ಇದ್ದದ್ದು ಇಷ್ಟು. ಅವಧಿ ಒಂದು ವರ್ಷ. ಸಂಬಳ 50 ಲಕ್ಷ ಡಾಲರ್, ಅಂದಿನ ಲೆಕ್ಕದಲ್ಲಿ ಸುಮಾರು 20 ಕೋಟಿ ರೂಪಾಯಿ. ಆ ವರ್ಷ ಟೋರಿ ಪಡೆದದ್ದು 75 ಲಕ್ಷ. ಅಂದರೆ ಮೂರನೆಯ ಒಂದು ಪಾಲು ಕಡಿತ. ಆದರೆ ಪ್ಲೇಆಫ್‌ಗೆ ಹೋದರೆ 10 ಲಕ್ಷ, ಎರಡನೆಯ ಸುತ್ತು ತಲುಪಿದರೆ ಇನ್ನೊಂದು 10 ಲಕ್ಷ, ವರ್ಲ್ಡ್ ಸೀರೀಸ್ ತಲುಪಿದರೆ ಮತ್ತೂ 10 ಲಕ್ಷ. ಮೂರೂ ಕೂಡಿದರೆ 80 ಲಕ್ಷ. ಮೊದಲಿಗಿಂತ 5 ಲಕ್ಷ ಹೆಚ್ಚೇ! ವರ್ಲ್ಡ್ ಸೀರೀಸ್ ತಲುಪಿದ್ದೇ ಆದರೆ 2009ಕ್ಕೂ ಕೆಲಸ ಖಾತ್ರಿ.

ಈ ಕಾಗದದ ಸೌಂದರ್ಯವನ್ನು ಸಾವಧಾನವಾಗಿ ಸವಿಯಬೇಕು. ಆಗ ಬೇಸ್‌ಬಾಲಿನ ಬೇರೆ ಯಾವ ಮ್ಯಾನೇಜರಿಗೂ 50 ಲಕ್ಷ ಸಂಬಳ ಇರಲಿಲ್ಲ. ಆದ್ದರಿಂದ ಹೊರಗಿನವರು ಯಾರೂ ಇದನ್ನು ಸಣ್ಣ ಮೊತ್ತ ಎನ್ನುವಂತಿಲ್ಲ. ಷರತ್ತು ಒಳಗಿನವರಿಗೆ ಮಾತ್ರ ಚುಚ್ಚುವಂಥದ್ದು: ಹನ್ನೆರಡು ಸಲ ಹೇಳಿಸಿಕೊಳ್ಳದೆ ಮಾಡಿದ ಕೆಲಸವನ್ನು ಹದಿಮೂರನೆಯ ಸಲ ಮಾಡಿದರೆ ಬಹುಮಾನ. ಮೊತ್ತ ಊರಿನವರ ಬಾಯಿ ಮುಚ್ಚಿಸುತ್ತದೆ, ಷರತ್ತು ಟೋರಿ ಅವರನ್ನು ಎಬ್ಬಿಸುತ್ತದೆ. ಹಾವೂ ಸಾಯಬೇಕು ಕೋಲೂ ಮುರಿಯಬಾರದು ಎನ್ನುತ್ತಾರಲ್ಲ, ಇಲ್ಲಿ ಕೋಲನ್ನು ಎತ್ತಬೇಕಾಗಿಯೂ ಬರಲಿಲ್ಲ.

ತಂಡದ ಅಧ್ಯಕ್ಷ ರ‍್ಯಾಂಡಿ ಲೆವಿನ್ ಇದರ ಹಿಂದಿನ ತತ್ತ್ವವನ್ನು ಪತ್ರಕರ್ತರಿಗೆ ವಿವರಿಸಿದರು: ಸಾಧನೆಗೆ ತಕ್ಕ ಪ್ರತಿಫಲ ಇದ್ದಾಗ ಮನುಷ್ಯನಿಗೆ ಪ್ರೇರಣೆ ಬರುತ್ತದೆ. ತತ್ತ್ವವನ್ನು ಒಪ್ಪಿದರೆ ಹಳೆಯ ಸಂಗತಿಗಳೆಲ್ಲ ಹೊಸ ಬೆಳಕಿನಲ್ಲಿ ಕಾಣುತ್ತವೆ. 1996ರ ಜೂನ್‌ನಲ್ಲಿ ಟೋರಿ ಅವರ ಅಣ್ಣ ರಾಕೊ ತೀರಿಕೊಂಡರು. ಅಕ್ಟೋಬರಿನಲ್ಲಿ ವರ್ಲ್ಡ್ ಸೀರೀಸಿನ ಆರನೆಯ ಪಂದ್ಯಕ್ಕೆ ಒಂದು ದಿನ ಮುಂಚೆ ಇನ್ನೊಬ್ಬ ಅಣ್ಣ ಫ್ರ್ಯಾಂಕ್‌ಗೆ ನ್ಯೂಯಾರ್ಕಿನ ಆಸ್ಪತ್ರೆಯಲ್ಲಿ ಹೃದಯ ಬದಲಾಯಿಸಿದರು. ಮರುರಾತ್ರಿ ಟೋರಿ ಡಗೌಟಿನಲ್ಲಿ ಕೂತು ಪಂದ್ಯ ಗೆಲ್ಲಿಸಿದರು. 1999ರಲ್ಲಿ ಅವರಿಗೇ ಪ್ರಾಸ್ಟೇಟ್ ಕ್ಯಾನ್ಸರ್. ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು 36 ಪಂದ್ಯ ತಪ್ಪಿಸಿಕೊಂಡು ಮೇ ತಿಂಗಳಲ್ಲೇ ಮರಳಿ ಬಂದರು, ಆ ವರ್ಷವೂ ವರ್ಲ್ಡ್ ಸೀರೀಸ್ ಗೆದ್ದರು. ಇವೆಲ್ಲ ಪ್ರೇರಣೆಯಿಲ್ಲದೆ, ಕಾಟಾಚಾರಕ್ಕೆ ಮಾಡಿದ್ದು. ಸುತ್ತಿಗೆ 10 ಲಕ್ಷದಂತೆ ಮೊದಲೇ ಗೊತ್ತು ಮಾಡಿದ್ದರೆ 36ರ ಬದಲು 20 ಪಂದ್ಯಕ್ಕೇ ಹಾಸಿಗೆ ಬಿಟ್ಟು ಏಳುತ್ತಿದ್ದರೋ ಏನೋ!

ಕ್ಯಾಷ್‌ಮನ್ ಎಂಬ ಜನರಲ್ ಮ್ಯಾನೇಜರ್ ಜೊತೆಯಲ್ಲಿ, ಒಡೆಯರನ್ನು ಮುಖಾಮುಖಿ ಕಾಣಬೇಕೆಂದು ಟೋರಿಯೇ ಟ್ಯಾಂಪಾಕ್ಕೆ ವಿಮಾನ ಹತ್ತಿದರು. ಕೋಣೆಯಲ್ಲಿ ಜಾರ್ಜ್ ಸ್ಟೈನ್‌ಬ್ರೆನರ್ ಇದ್ದರು. 77 ವರ್ಷ, ಆರೋಗ್ಯ ಕುಸಿದಿತ್ತು, ಮೊದಲಿನ ಗರ್ಜನೆ ಇರಲಿಲ್ಲ. ಮಕ್ಕಳಾದ ಹ್ಯಾಂಕ್ ಮತ್ತು ಹ್ಯಾಲ್ ಇದ್ದರು, ಲೆವಿನ್ ಇದ್ದರು. ಟೋರಿ ತಮ್ಮ ಮಾತು ಹೇಳಿದರು. ಷರತ್ತಿನಲ್ಲಿ ಹೆಚ್ಚುಕಡಿಮೆಗೆ ಜಾಗವಿದೆಯೇ ಎಂದು ವಿಚಾರಿಸಿದರು. ಇರಲಿಲ್ಲ. ಎಲ್ಲರ ಕೈ ಕುಲುಕಿ ಹೊರಟುಬಿಟ್ಟರು. ಹನ್ನೆರಡು ವರ್ಷದ ಲೆಕ್ಕ ಚುಕ್ತಾ ಮಾಡಲು ಅರ್ಧ ಗಂಟೆಯೂ ಹಿಡಿಯಲಿಲ್ಲ. ನಮ್ಮಲ್ಲಿ ನಿವೃತ್ತರಾದ ಗುಮಾಸ್ತರಿಗೂ ಶಾಲು, ಹಾರ, ಹಣ್ಣಿನ ಬುಟ್ಟಿ, ನಾಲ್ಕು ಭಾಷಣ ಎಂದು ಒಂದು ಮಧ್ಯಾಹ್ನವನ್ನೇ ಹಾಳುಮಾಡುತ್ತೇವೆ. ಸಮಯದ ಬೆಲೆ ಅಮೆರಿಕದವರಿಂದ ಕಲಿಯಬೇಕು.

ಮರುದಿನ ನ್ಯೂಯಾರ್ಕಿನ ಬಳಿಯ ರೈ ಬ್ರೂಕ್ ಎಂಬ ಊರಿನ ಹೋಟೆಲಿನಲ್ಲಿ ಟೋರಿ ಪತ್ರಕರ್ತರ ಮುಂದೆ ಕೂತರು. ಆ ಬಹುಮಾನದ ಷರತ್ತು ತನಗೆ ಅವಮಾನ ಎನಿಸಿತು ಎಂದರು. ಪ್ರೇರಣೆ ತನಗೆ ಹೊರಗಿನಿಂದ ಬೇಕಿಲ್ಲ ಎಂದರು. ಓದಿದಾಗ ನನಗೆ ಕಸಿವಿಸಿಯಾಯಿತು. 20 ಕೋಟಿ ರೂಪಾಯಿಯ ಅವಮಾನ! ಇಂಥ ಅವಮಾನ ಎಲ್ಲಾದರೂ ಖಾಲಿ ಇದೆಯೇ ಎಂದು ಪ್ರತಿ ಭಾನುವಾರ ಪತ್ರಿಕೆಯ ಜಾಹೀರಾತು ನೋಡುವವರು ನಮ್ಮ ಬೀದಿಯಲ್ಲೇ ಹತ್ತಾರು ಜನ ಇದ್ದಾರೆ. ಅದರ ಅರ್ಧದಷ್ಟು ಅವಮಾನ ಸಿಕ್ಕರೂ ಅವರು ಹೊತ್ತು ಹುಟ್ಟುವ ಮುಂಚೆ ಹೋಗಿ ಸಾಲು ನಿಲ್ಲುತ್ತಾರೆ. ಆದರೂ ನ್ಯೂಯಾರ್ಕಿನ ಟ್ಯಾಕ್ಸಿ ಚಾಲಕರಿಂದ ಹಿಡಿದು ಅಂಕಣಕಾರರವರೆಗೆ, ತಮ್ಮ ಹತ್ತು ಜನ್ಮದ ಸಂಪಾದನೆಯನ್ನು ತಳ್ಳಿಬಂದ ಈ ಮನುಷ್ಯನಿಗಾಗಿ ಕಣ್ಣೊರೆಸಿಕೊಂಡರು. ಬಡವರು ಶ್ರೀಮಂತರ ಅಭಿಮಾನಕ್ಕಾಗಿ ಅಳುವ ಈ ದೃಶ್ಯವೂ ಆ ಒಪ್ಪಂದದಿಂದಲೇ ಸಾಧ್ಯವಾಯಿತು ಎಂಬುದನ್ನು ಮರೆಯಬಾರದು.

ಟೋರಿ ಬೀದಿಪಾಲೂ ಆಗಲಿಲ್ಲ. ಎರಡು ವಾರದಲ್ಲಿ, ನವೆಂಬರ್ 1ರಂದು, ಲಾಸ್ ಏಂಜಲೀಸ್ ಡಾಡ್ಜರ್ಸ್ ತಂಡ ಅವರನ್ನು ಮೂರು ವರ್ಷಕ್ಕೆ 1 ಕೋಟಿ 30 ಲಕ್ಷ ಡಾಲರಿಗೆ ಕರೆದುಕೊಂಡಿತು. ಭಾಗಿಸಿ ನೋಡಿ: ವರ್ಷಕ್ಕೆ 43 ಲಕ್ಷ ಚಿಲ್ಲರೆ. ಯಾಂಕೀಸ್ ಕೊಡುತ್ತೇನೆಂದ 50 ಲಕ್ಷಕ್ಕಿಂತ ಕಡಿಮೆ! ಲೆಕ್ಕದಲ್ಲಿ ಇಷ್ಟು ಹಿಂದುಳಿದವರನ್ನು ಹನ್ನೆರಡು ವರ್ಷ ಸಾಕಿದ ಒಡೆಯರ ಸಹನೆ ದೊಡ್ಡದು.

ಪ್ರೇರಣೆಯ ತತ್ತ್ವವನ್ನು ಒಡೆಯರು ಟೋರಿ ಒಬ್ಬರಿಗೇ ಅನ್ವಯಿಸಿದರು ಎಂದು ಕೆಲವರು ಕುಹಕವಾಡುತ್ತಾರೆ. ಸುಳ್ಳು. ಅಲೆಕ್ಸ್ ರಾಡ್ರಿಗಸ್ ಎಂಬ ಆಟಗಾರನಿಗೂ ಅನ್ವಯಿಸಿದರು. ಈತ 2005ರ ಪ್ಲೇಆಫ್‌ನಲ್ಲಿ 15 ಸಲ ಬ್ಯಾಟ್ ಬೀಸಿ 2 ಹೊಡೆತ, 2006ರಲ್ಲಿ 14ಕ್ಕೆ 1 ಹೊಡೆತ ಸಾಧಿಸಿದವನು. ಟೋರಿ ಅವರ ಕೊನೆಯ ವರ್ಷಗಳ ಸೋಲಿನಲ್ಲಿ ಅವನ ಪಾಲು ಅಷ್ಟಿಷ್ಟಲ್ಲ. ಟೋರಿ ಹೋದ ಹತ್ತು ದಿನಕ್ಕೆ, ವರ್ಲ್ಡ್ ಸೀರೀಸಿನ ಪಂದ್ಯ ನಡೆಯುತ್ತಿದ್ದಾಗಲೇ, ಇನ್ನೂ ಮೂರು ವರ್ಷ ಬಾಕಿಯಿದ್ದ ತನ್ನ ಒಪ್ಪಂದವನ್ನು ಮುರಿದು ಹೊರಗೆ ಬಂದ. ಹಾಗೆ ಮಾಡಿದರೆ ಮತ್ತೆ ಮಾತುಕತೆಯೇ ಇಲ್ಲ ಎಂದು ಯಾಂಕೀಸ್ ಮುಂಚೆಯೇ ಎಚ್ಚರಿಸಿತ್ತು. ಎಚ್ಚರಿಕೆಗೆ ತಕ್ಕಂತೆ, ಡಿಸೆಂಬರಿನಲ್ಲಿ ಅವನಿಗೆ ಹತ್ತು ವರ್ಷಕ್ಕೆ 27.5 ಕೋಟಿ ಡಾಲರ್ ಕೊಟ್ಟಿತು. ಜೊತೆಗೆ ಪ್ರೇರಣೆ: ಹಳೆಯ ಮಹಾನುಭಾವರ ಹೋಮ್‌ರನ್ ಲೆಕ್ಕಗಳನ್ನು ಒಂದೊಂದಾಗಿ ಮುಟ್ಟಿದಾಗ 60 ಲಕ್ಷದಂತೆ ಒಟ್ಟು 3 ಕೋಟಿ ಡಾಲರ್ ಬಹುಮಾನ. 2015ರಲ್ಲಿ ಅವನು ಮೊದಲ ಗುರಿ, ವಿಲ್ಲಿ ಮೇಸ್ ಅವರ 660ನ್ನು, ಮುಟ್ಟಿಯೂ ಬಿಟ್ಟ. ಅಷ್ಟರಲ್ಲಿ ಉದ್ದೀಪನ ಮದ್ದಿನ ಪ್ರಕರಣದಲ್ಲಿ ಒಂದು ಹಂಗಾಮು ಪೂರ್ತಿ ನಿಷೇಧ ಅನುಭವಿಸಿ ಬಂದಿದ್ದ. ಯಾಂಕೀಸ್ ಬಹುಮಾನ ಕೊಡಲೊಪ್ಪದೆ, ಕೊನೆಗೆ 35 ಲಕ್ಷ ಡಾಲರನ್ನು ಧರ್ಮಕಾರ್ಯಗಳಿಗೆ ಕೊಟ್ಟು ಕೈ ತೊಳೆದುಕೊಂಡಿತು. ಪ್ರೇರಣೆಯ ಹಣ ದಾನಕ್ಕೆ ಹೋಯಿತು. ಇದಕ್ಕಿಂತ ಪುಣ್ಯದ ಆಡಳಿತ ಎಲ್ಲಿದೆ?

ಟೋರಿ ಅವರ ಕುರ್ಚಿಗೆ ಬಂದವರು ಜೋ ಜಿರಾರ್ಡಿ. 1996ರಲ್ಲಿ ಟೋರಿ ಅವರದೇ ತಂಡದ ಕ್ಯಾಚರ್ ಆಗಿದ್ದವರು. 2008ರಲ್ಲಿ ಯಾಂಕೀಸ್ ಪ್ಲೇಆಫ್ ತಲುಪಲಿಲ್ಲ, 1993ರ ನಂತರ ಇಂಥದ್ದು ಇದೇ ಮೊದಲು (1994ರಲ್ಲಿ ಮುಷ್ಕರದಿಂದ ಪ್ಲೇಆಫೇ ನಡೆದಿರಲಿಲ್ಲ). ಅದೇ ವರ್ಷ ಡಾಡ್ಜರ್ಸ್ ತಂಡ ತನ್ನ ಲೀಗಿನ ಅಂತಿಮ ಸುತ್ತಿಗೆ ಹೋಯಿತು. ವಿರೋಧಿಗಳು ಇದನ್ನು ನೋಡಿ ನಗುತ್ತಾರೆ, ಉಳಿತಾಯವನ್ನು ನೋಡುವುದಿಲ್ಲ: ಟೋರಿ ಇದ್ದಿದ್ದರೆ ಹೇಗಾದರೂ ಪ್ಲೇಆಫ್ ಮುಟ್ಟಿಸಿ ಒಡೆಯರ 10 ಲಕ್ಷಕ್ಕೆ ಕೈ ಹಾಕುತ್ತಿದ್ದರು. ಉಳಿದ ಹಣ ಸುಮ್ಮನೆ ಬಿದ್ದಿರಲಿಲ್ಲ. ಆ ಚಳಿಗಾಲದಲ್ಲಿ ಸಬಾತಿಯಾ, ಬರ್ನೆಟ್, ಟೆಶೇರಾ ಎಂಬ ಮೂವರು ಆಟಗಾರರಿಗೆ ಒಟ್ಟು 42 ಕೋಟಿ ಡಾಲರಿಗೂ ಮಿಗಿಲಾದ ಒಪ್ಪಂದಗಳಾದವು. 2009ರಲ್ಲಿ ಯಾಂಕೀಸ್ ವರ್ಲ್ಡ್ ಸೀರೀಸ್ ಗೆದ್ದಿತು. ಇದರಿಂದ ತಿಳಿಯುವುದೇನೆಂದರೆ, ತೊಡಕೆಲ್ಲ ಟೋರಿ ಅವರದೇ ಆಗಿತ್ತು. ಅವರನ್ನು ಕಳಿಸಿ 42 ಕೋಟಿ ಸೇರಿಸಿದೊಡನೆ ಎಲ್ಲ ಸರಿಹೋಯಿತು.

ಕೃತಜ್ಞತೆಯ ವಿಷಯದಲ್ಲಿ ಟೋರಿ ಕೊನೆಯವರೆಗೂ ಸುಧಾರಿಸಲಿಲ್ಲ. 2009ರಲ್ಲಿ ಕ್ರೀಡಾ ಪತ್ರಕರ್ತ ಟಾಮ್ ವರ್ಡುಚ್ಚಿ ಜೊತೆ ಸೇರಿ ಯಾಂಕೀಸ್ ವರ್ಷಗಳ ಬಗ್ಗೆ ದಪ್ಪ ಪುಸ್ತಕ ತಂದರು. ಡ್ರೆಸ್ಸಿಂಗ್ ರೂಮಿನ ಮಾತು ಬೀದಿಗೆ ಬಂತು. ಗಂಭೀರ ಮನುಷ್ಯ ಎಂಬ ಹೆಸರಿಗೆ ಅದು ಅಷ್ಟೇನೂ ಶೋಭೆ ತರಲಿಲ್ಲ ಎಂಬುದನ್ನು ಅವರ ಅಭಿಮಾನಿಗಳೂ ಒಪ್ಪುತ್ತಾರೆ. 2010ರ ಜುಲೈನಲ್ಲಿ ಸ್ಟೈನ್‌ಬ್ರೆನರ್ ತೀರಿಕೊಂಡರು. ಸೆಪ್ಟೆಂಬರಿನಲ್ಲಿ ಹೊಸ ಕ್ರೀಡಾಂಗಣದಲ್ಲಿ ಅವರ ಸ್ಮಾರಕ ಅನಾವರಣವಾಯಿತು. ಬೇಬ್ ರೂತ್ ಅವರದಕ್ಕಿಂತಲೂ ದೊಡ್ಡದು ಅದು. ಆಟ ಆಡಿದವನಿಗಿಂತ ಆಡಿಸಿದವನು ದೊಡ್ಡವನು ಎಂಬುದನ್ನು ಅಡಿ ಅಂಗುಲಗಳಲ್ಲೇ ಅಳೆದು ತೋರಿಸಿದರು. ಅಂದು ಟೋರಿ ಬಂದಿದ್ದರು. 2014ರಲ್ಲಿ ಅವರನ್ನು ಕೂಪರ್ಸ್‌ಟೌನಿನ ಹಾಲ್ ಆಫ್ ಫೇಮ್‌ಗೆ ಸೇರಿಸಿದಾಗ ಅವರು ಮಾಡಿದ ಭಾಷಣದಲ್ಲಿ ಬಂಧುಗಳು, ಗೆಳೆಯರು, ಆಟಗಾರರು ಎಲ್ಲರೂ ಬಂದರು. ಸ್ಟೈನ್‌ಬ್ರೆನರ್ ಹೆಸರು ಬರಲಿಲ್ಲ. ಮರೆತುಹೋಯಿತು ಎಂದು ಆಮೇಲೆ ಕ್ಷಮೆ ಕೇಳಿದರು. ಮರುತಿಂಗಳೇ ಯಾಂಕೀಸ್ ಅವರ 6ನೇ ನಂಬರನ್ನು ಇನ್ನು ಯಾರೂ ತೊಡದಂತೆ ಎತ್ತಿಟ್ಟು ಸನ್ಮಾನಿಸಿತು. ಮರೆವನ್ನು ಮರೆವಿನಿಂದಲೇ ಗೆದ್ದ ಉದಾರ ಮನೆತನ.

ಸಂಸ್ಥೆ ಅಲ್ಲಿಗೇ ನಿಲ್ಲದೆ ತನ್ನ ವಿದ್ಯೆಯನ್ನು ಇನ್ನೂ ಸರಳಗೊಳಿಸಿಕೊಂಡಿತು. ಜಿರಾರ್ಡಿ ಹತ್ತು ವರ್ಷ ಮ್ಯಾನೇಜರಾಗಿದ್ದರು. 2017ರಲ್ಲಿ ಅವರ ತಂಡ ವರ್ಲ್ಡ್ ಸೀರೀಸ್‌ಗೆ ಒಂದೇ ಒಂದು ಗೆಲುವಿನ ದೂರದಲ್ಲಿ ನಿಂತಿತು. ಅಕ್ಟೋಬರ್ 26ರಂದು ಅವರ ಒಪ್ಪಂದವನ್ನು ಮುಂದುವರಿಸುವುದಿಲ್ಲ ಎಂದು ಯಾಂಕೀಸ್ ಪ್ರಕಟಿಸಿತು. ಈ ಸಲ ಬೇಡವೆನ್ನಲು ಕಾಗದವನ್ನೇ ಕೊಡಲಿಲ್ಲ. ಅವರ ಜಾಗಕ್ಕೆ ಬಂದ ಆರನ್ ಬೂನ್ ಅದುವರೆಗೆ ಯಾವ ತಂಡಕ್ಕೂ ಮ್ಯಾನೇಜರ್ ಆಗಿದ್ದವರಲ್ಲ.